ಗೋಡೆ ಉಳಿಸಿದವರಿಗೆ ಬಹುಮಾನ: ಬ್ರಿಟನ್ನಿನ ಪಬ್ ಕಟ್ಟಡಗಳ ಬಗ್ಗೆ ಒಂದಷ್ಟು ಮಾತು

(ಹಳೇ ಕಟ್ಟಡಗಳ ಹುಚ್ಚು ಇರುವ ಒಂದು ಗೆಳೆಯರ ಬಳಗದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಅಲ್ಲಿ ಪರದೆ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿ ಬಂದಿದ್ದರಿಂದ ಅಲ್ಲಲ್ಲಿ ಸ್ವಲ್ಪ ಉದ್ದ ಆಗಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಓದಿ ಕೆಲವರು ನಕ್ಕರಂತೆ. ನಗಲಿ ಬಿಡಿ. ದೇವಸ್ಥಾನ, ಕೋಟೆ, ಅರಮನೆ ಎಲ್ಲ ಬಿಟ್ಟು ಕುಡಿಯುವ ಜಾಗದ ಕಟ್ಟಡಕ್ಕೆ ಪ್ರಶಸ್ತಿ ಅಂದರೆ ನಮ್ಮ ಕಡೆ ನಗು ಬರುವುದೇ. ಆದರೆ ಬ್ರಿಟನ್ನಿನಲ್ಲಿ 1983ರಿಂದ ಇಂಥದ್ದೊಂದು ಪ್ರಶಸ್ತಿ ಇದೆ. ಪಬ್ ಡಿಸೈನ್ ಅವಾರ್ಡ್ಸ್ ಅಂತ ಹೆಸರು. ಕೊಡುವವರು ಕ್ಯಾಮ್ರಾ, ಪೂರ್ತಿ ಹೆಸರು ಕ್ಯಾಂಪೇನ್ ಫಾರ್ ರಿಯಲ್ ಏಲ್, ಅದೊಂದು ಗ್ರಾಹಕರ ಸಂಘಟನೆ. ಇಂಗ್ಲೆಂಡಿನ ಹಳೇ ಕಟ್ಟಡಗಳ ಉಸ್ತುವಾರಿ ನೋಡುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಮತ್ತು ವಿಕ್ಟೋರಿಯಾ ರಾಣಿ ಕಾಲದ ಕಟ್ಟಡ ಉಳಿಸಲು ದುಡಿಯುವ ವಿಕ್ಟೋರಿಯನ್ ಸೊಸೈಟಿ ಇದಕ್ಕೆ ಕೈಜೋಡಿಸಿವೆ. ಬಿಯರ್ ಎಷ್ಟು ಚೆನ್ನಾಗಿದೆ, ಊಟ ಹೇಗಿದೆ ಅನ್ನುವುದಕ್ಕೆ ಬೇರೆ ಬಹುಮಾನಗಳಿವೆ. ಇಲ್ಲಿ ನೋಡುವುದು ಕಟ್ಟಡವನ್ನು ಮಾತ್ರ.

ವಿಭಾಗಗಳು ನಾಲ್ಕೈದು. ಹೊಸದಾಗಿ ಕಟ್ಟಿದ ಪಬ್, ಒಳಾಂಗಣ ಹೊಸದು ಮಾಡಿದ ಪಬ್, ಬೇರೆ ಯಾವುದೋ ಕಟ್ಟಡವನ್ನು ಪಬ್ಬಾಗಿ ಮಾಡಿದ್ದು, ಹಳೇ ಪಬ್ಬನ್ನು ಹಾಳಾಗದಂತೆ ಕಾಪಾಡಿಕೊಂಡಿದ್ದು. ಇದರ ಜೊತೆ ಬೀದಿ ಮೂಲೆಯ ಸಾಮಾನ್ಯ ಪಬ್ಬಿಗೆ ಅಂತ, ಹಿಂದೆ ಕ್ಯಾಮ್ರಾ ಅಧ್ಯಕ್ಷರಾಗಿದ್ದ ಜೋ ಗುಡ್ವಿನ್ ಹೆಸರಿನಲ್ಲಿ ಒಂದು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಏನು ಗೊತ್ತಾ? ಎಷ್ಟೋ ವರ್ಷ ಹೊಸ ಕಟ್ಟಡದ ವಿಭಾಗದಲ್ಲಿ ಅವರು ಯಾರಿಗೂ ಪ್ರಶಸ್ತಿ ಕೊಟ್ಟಿಲ್ಲ. ಬಂದ ಕಟ್ಟಡಗಳನ್ನೆಲ್ಲ ನೋಡಿ, ಈ ಸಲ ಯಾವುದೂ ಆ ಮಟ್ಟಕ್ಕೆ ಇಲ್ಲ ಅಂತ ಹೇಳಿ ಆ ಜಾಗ ಖಾಲಿ ಬಿಟ್ಟಿದ್ದಾರೆ. ಪ್ರಶಸ್ತಿ ಕೊಡುವ ಎಷ್ಟು ಜನಕ್ಕೆ ಈ ಧೈರ್ಯ ಇರುತ್ತೆ ಹೇಳಿ. ಪ್ರಾಯೋಜಕರು ಏನಂದುಕೊಳ್ಳುತ್ತಾರೋ, ಸಮಾರಂಭದಲ್ಲಿ ವೇದಿಕೆ ಮೇಲೆ ಯಾರನ್ನು ಕೂರಿಸುವುದೋ ಅನ್ನುವ ಚಿಂತೆಯಲ್ಲೇ ನಮ್ಮಲ್ಲಿ ಅರ್ಧ ಪ್ರಶಸ್ತಿ ಹಂಚಿಹೋಗುತ್ತವೆ.

ಸರಿ, ಕುಡಿಯುವವರ ಸಂಘಕ್ಕೆ ಕಟ್ಟಡದ ಉಸಾಬರಿ ಯಾಕೆ ಬಂತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಕ್ಯಾಮ್ರಾ ಹುಟ್ಟಿದ್ದು 1971ರಲ್ಲಿ. ಇಂಗ್ಲೆಂಡಿನ ವಾಯವ್ಯ ಭಾಗದ ನಾಲ್ಕು ಜನ ಗೆಳೆಯರು ಐರ್ಲೆಂಡಿಗೆ ರಜೆಗೆ ಹೋದಾಗ ಮಾಡಿದ ತೀರ್ಮಾನ ಅದು. ಪೀಪಾಯಿಯಲ್ಲೇ ಹದಗೊಳ್ಳುವ ಹಳೇ ಬಗೆಯ ಬಿಯರ್, ಅಂದರೆ ಏಲ್, ಹೋಗಿ, ಗ್ಯಾಸ್ ತುಂಬಿದ ಕೆಗ್ ಬಿಯರ್ ಎಲ್ಲ ಕಡೆ ಬರುತ್ತಿದೆ ಅನ್ನುವುದು ಅವರ ಸಿಟ್ಟು. ಆಗ ದೇಶದ ಬಹುಪಾಲು ಬಿಯರ್ ವ್ಯಾಪಾರ ಆರು ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಅವರು ಬಿಯರ್ ತಯಾರಿಸುವವರು ಅಷ್ಟೇ ಅಲ್ಲ, ಸಾವಿರಾರು ಪಬ್ಬುಗಳ ಮಾಲೀಕರೂ ಹೌದು. ಬಿಯರ್ ಬದಲಾಯಿಸಿದ ಅದೇ ಕೈ ಕಟ್ಟಡಗಳಿಗೂ ಬಂತು. 1960 ಮತ್ತು 70ರ ದಶಕದಲ್ಲಿ ಇಂಗ್ಲೆಂಡಿನ ಊರೂರಲ್ಲಿ ಪಬ್ಬುಗಳ ಒಳಗಿನ ಗೋಡೆಗಳನ್ನು ಒಡೆದು ಒಂದೇ ದೊಡ್ಡ ಹಾಲ್ ಮಾಡಿದರು. ಕೆತ್ತನೆಯ ಮರ ಕಿತ್ತು ಫಾರ್ಮೈಕಾ ಹಾಕಿದರು, ಟೈಲ್ಸ್ ಮೇಲೆ ಪ್ಲೈವುಡ್ ಹೊಡೆದರು, ಮೂಲೆಗೊಂದು ಜೂಕ್‌ಬಾಕ್ಸ್ ಇಟ್ಟರು.

ಅವರ ಲೆಕ್ಕವೂ ಸುಳ್ಳಲ್ಲ. ಒಂದೇ ಹಾಲ್ ಆದರೆ ಒಬ್ಬ ಕೆಲಸದವನು ಸಾಕು, ಜಾಸ್ತಿ ಜನ ಹಿಡಿಸುತ್ತಾರೆ. ಲೈಸೆನ್ಸ್ ಕೊಡುವ ಮ್ಯಾಜಿಸ್ಟ್ರೇಟರಿಗೂ ಪೊಲೀಸರಿಗೂ ಕೌಂಟರಿನಿಂದ ನೋಡಿದರೆ ಎಲ್ಲ ಗಿರಾಕಿಗಳೂ ಕಾಣಬೇಕು ಅನ್ನುವ ಹಟ ಮೊದಲಿಂದಲೂ ಇತ್ತು. ಹೀಗೆ ಎಲ್ಲರಿಗೂ ಅನುಕೂಲ ಅಂತ ಒಡೆದ ಗೋಡೆಗಳು ಅವು.

ಆ ಗೋಡೆಗಳು ಯಾಕಿದ್ದವು ಅಂತ ಹೇಳದೆ ಮುಂದೆ ಹೋದರೆ ಈ ಪ್ರಶಸ್ತಿಯ ಕತೆ ಅರ್ಥ ಆಗೋದಿಲ್ಲ.

ವಿಕ್ಟೋರಿಯಾ ರಾಣಿ ಕಾಲದ ಪಬ್ ಅಂದರೆ ಒಂದು ಕೋಣೆ ಅಲ್ಲ. ಕೂಲಿ ಕೆಲಸದವರಿಗೆ ಪಬ್ಲಿಕ್ ಬಾರ್, ನೆಲಕ್ಕೆ ಬರೀ ಹಲಗೆ, ಬೆಂಚು. ಸ್ವಲ್ಪ ಅನುಕೂಲಸ್ಥರಿಗೆ ಸಲೂನ್ ಬಾರ್, ಅಲ್ಲಿ ನೆಲಕ್ಕೆ ಕಾರ್ಪೆಟ್, ಬಿಯರಿಗೆ ಒಂದೆರಡು ಕಾಸು ಜಾಸ್ತಿ. ಒಂದು ಸ್ಮೋಕ್ ರೂಮ್. ಮನೆಗೆ ಬಿಯರ್ ತುಂಬಿಸಿಕೊಂಡು ಹೋಗಲು ಜಗ್ ಹಿಡಿದು ಬರುವವರಿಗೆ ಒಂದು ಪುಟ್ಟ ಕಿಂಡಿ. ಮತ್ತೆ ಸ್ನಗ್. ನಾಲ್ಕು ಜನ ಕೂರುವಷ್ಟು ಜಾಗ, ಹೊರಗಿನಿಂದ ಕಾಣದ ಹಾಗೆ ಗಾಜು. ಹೆಂಗಸರು, ಪರಿಚಯದವರ ಕಣ್ಣಿಗೆ ಬೀಳಬಾರದು ಅನ್ನುವವರು ಬಂದು ಕೂರುತ್ತಿದ್ದ ಜಾಗ ಅದು. ನಮ್ಮ ಹಳೇ ಹೋಟೆಲುಗಳಲ್ಲಿ ಪರದೆ ಎಳೆದುಕೊಂಡು ಕೂರುವ ಫ್ಯಾಮಿಲಿ ರೂಮ್ ಇರುತ್ತಿತ್ತಲ್ವಾ, ಹೆಚ್ಚುಕಮ್ಮಿ ಅದೇ.

ಲಂಡನ್ನಿನ ಮೈಡಾ ವೇಲ್‌ನಲ್ಲಿ ಪ್ರಿನ್ಸ್ ಆಲ್ಫ್ರೆಡ್ ಅಂತ ಒಂದು ಪಬ್ ಇದೆ. ಮಧ್ಯದಲ್ಲಿ ಕೌಂಟರ್, ಅದರ ಸುತ್ತ ಮರ ಮತ್ತು ಗಾಜಿನ ತಡೆಗಳಿಂದ ಮಾಡಿದ ಸಣ್ಣ ಸಣ್ಣ ಕೋಣೆಗಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ಎಷ್ಟು ಗಿಡ್ಡ ಅಂದರೆ ನಡು ಬಗ್ಗಿಸಿ ನುಸುಳಬೇಕು. ಗಿರಾಕಿಗಳಿಗಾಗಿ ಮಾಡಿದ್ದಲ್ಲ, ಒರೆಸಿ ಗುಡಿಸುವ ಕೆಲಸದವರಿಗಾಗಿ. ಈಗ ಗಿರಾಕಿಗಳೇ ಗ್ಲಾಸು ಹಿಡಿದುಕೊಂಡು ಅದರೊಳಗೆ ನುಸುಳುತ್ತಾರೆ. ಒಂದು ಕೋಣೆಯಲ್ಲಿ ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ತಿರುಗಿಸಬಹುದಾದ ಪುಟ್ಟ ಗಾಜಿನ ಕದಗಳ ಸಾಲು ಇದೆ. ಸ್ನಾಬ್ ಸ್ಕ್ರೀನ್ ಅಂತಾರೆ. ಗಾಜಿನ ಮೇಲೆ ಹೂಬಳ್ಳಿ ಚಿತ್ತಾರ, ಅದರಾಚೆ ಏನೂ ಕಾಣದು. ಕದ ತಿರುಗಿಸಿ ಬೇಕಾದ್ದು ಕೇಳುವುದು, ಗ್ಲಾಸು ಬಂದ ಮೇಲೆ ಮತ್ತೆ ಮುಚ್ಚಿಕೊಳ್ಳುವುದು. ಕೌಂಟರಿನವನಿಗೂ ನಿಮ್ಮ ಮುಖ ಕಾಣೋದಿಲ್ಲ, ಎದುರು ಕೋಣೆಯ ನಿಮ್ಮ ಕಾರ್ಖಾನೆಯ ಕೆಲಸಗಾರನಿಗೂ ಕಾಣೋದಿಲ್ಲ. ಇಂಥ ಕದಗಳು ಇಡೀ ದೇಶದಲ್ಲಿ ಈಗ ಬೆರಳೆಣಿಕೆಯ ಕಡೆ ಉಳಿದಿವೆ. ಲಂಡನ್ನಿನ ಲ್ಯಾಂಬ್‌ನಲ್ಲಿವೆ, ಬರ್ಮಿಂಗ್‌ಹ್ಯಾಮಿನ ಬಾರ್ಟನ್ಸ್ ಆರ್ಮ್ಸ್‌ನಲ್ಲಿವೆ.

ಈಗ ಲಂಡನ್ನಿನ ಹೈ ಹೋಬರ್ನ್ ರಸ್ತೆಯ ಪ್ರಿನ್ಸೆಸ್ ಲೂಯಿಸ್ ಪಬ್ಬಿನ ಕತೆ ಕೇಳಿ. 1872ರ ಕಟ್ಟಡ, ಒಳಗಿನ ಅಲಂಕಾರ 1891ರದ್ದು. ಟೈಲ್ಸ್, ಕೊರೆದ ಕನ್ನಡಿ, ಕೆತ್ತಿದ ಮರ, ಎಲ್ಲ ಇತ್ತು. ಕೋಣೆಗಳ ನಡುವಿನ ತಡೆಗಳು ಮಾತ್ರ ಮಾಯವಾಗಿದ್ದವು. ಅದರ ಮಾಲೀಕರಾದ ಯಾರ್ಕ್‌ಷೈರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು 2007-08ರಲ್ಲಿ ಪಬ್ಬನ್ನು ರಿಪೇರಿಗೆ ತೆಗೆದುಕೊಂಡಾಗ, ಹೋದ ಆ ತಡೆಗಳನ್ನು ವಾಪಸ್ ಕಟ್ಟಿಸಿದರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಹುಚ್ಚು. ಲಂಡನ್ನಿನ ನಡುವೆ, ಒಂದೊಂದು ಚದರ ಅಡಿಗೂ ಚಿನ್ನದ ಬೆಲೆ ಇರುವ ಕಡೆ, ತೆರೆದ ಜಾಗವನ್ನು ಮತ್ತೆ ಚಿಕ್ಕ ಚಿಕ್ಕ ಕೋಣೆ ಮಾಡೋದು ಅಂದರೆ! ಆದರೆ ಇವತ್ತು ಸಂಜೆ ಆರು ಗಂಟೆಗೆ ಅಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಜನ ಬರುವುದೇ ಆ ಕೋಣೆಗಳಿಗೆ.

ಇಲ್ಲಿ ಒಂದು ಜಗಳ ಇದೆ, ಅದನ್ನು ಮುಚ್ಚಿಡಬಾರದು. ಹೋದ ಗೋಡೆಯನ್ನು ಈಗ ಕಟ್ಟಿದರೆ ಅದು ಹಳೆಯದಾ, ನಕಲಾ? ಈ ಜಗಳ ಬ್ರಿಟನ್ನಿನಲ್ಲಿ ಪಬ್ಬಿಗಿಂತ ಮೊದಲು ಚರ್ಚುಗಳ ವಿಚಾರದಲ್ಲಿ ಆಗಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೇ ಚರ್ಚುಗಳನ್ನು ಕೆರೆದು ಹೊಸದು ಮಾಡುತ್ತಿದ್ದಾರೆ ಅಂತ ರೇಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದ. ಅವನ ವಾದ ಸರಳ. ಸೋರುವುದನ್ನು ನಿಲ್ಲಿಸಿ, ಬೀಳುವುದನ್ನು ಹಿಡಿದು ನಿಲ್ಲಿಸಿ, ಅದಕ್ಕಿಂತ ಜಾಸ್ತಿ ಕೈ ಹಾಕಬೇಡಿ. ಆ ಲೆಕ್ಕದಲ್ಲಿ ಪ್ರಿನ್ಸೆಸ್ ಲೂಯಿಸ್‌ನ ಹೊಸ ತಡೆಗಳು ತಪ್ಪು. ನನ್ನ ಅಭಿಪ್ರಾಯ ಬೇರೆ. ಚರ್ಚಿನ ಗೋಡೆ ಮೇಲಿನ ಒಂದೊಂದು ಕಾಲದ ಗುರುತೂ ಚರಿತ್ರೆ, ಒಪ್ಪುತ್ತೇನೆ. ಆದರೆ ಪಬ್ಬಿನ ಚರಿತ್ರೆ ಅದರ ಪ್ಲಾನಿನಲ್ಲಿದೆ. ಕೋಣೆಗಳೇ ಹೋದ ಮೇಲೆ ಎಷ್ಟು ಟೈಲ್ಸ್ ಉಳಿಸಿಕೊಂಡರೇನು, ಅದು ಚೆಂದದ ಹಾಲ್ ಅಷ್ಟೇ.

ಹಾಗಂತ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಸಾಕ್ಷಿ ಬೇಕು. ಸಾಕ್ಷಿ ಎಲ್ಲಿ ಸಿಗುತ್ತೆ ಅಂದರೆ, ಒಂದು, ಕಟ್ಟಡದಲ್ಲೇ. ಕೌಂಟರಿನ ಮರದಲ್ಲಿ ತಡೆ ಕೂರಿಸಿದ್ದ ಕಚ್ಚು, ಚಾವಣಿಯ ಗಾರೆಯಲ್ಲಿ ಗೆರೆ, ನೆಲದ ಟೈಲ್ಸಿನ ವಿನ್ಯಾಸ ಇದ್ದಕ್ಕಿದ್ದಂತೆ ಬದಲಾಗುವ ಜಾಗ. ಇನ್ನೊಂದು, ಕಾಗದ. 1902ರ ಲೈಸೆನ್ಸಿಂಗ್ ಕಾಯ್ದೆ ಬಂದ ಮೇಲೆ ಪಬ್ಬಿನ ಒಳಗೆ ಗೋಡೆ ತೆಗೆಯಬೇಕು, ಬಾಗಿಲು ಇಡಬೇಕು ಅಂದರೆ ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕಾಗಿತ್ತು, ಅದಕ್ಕೆ ಪ್ಲಾನ್ ಕೊಡಬೇಕಾಗಿತ್ತು. ಕುಡಿತದ ಮೇಲೆ ಕಣ್ಣಿಡಲು ಮಾಡಿದ ಕಾಯ್ದೆ, ನೂರು ವರ್ಷ ಆದ ಮೇಲೆ ಕಟ್ಟಡ ಉಳಿಸುವವರ ಕೈಗೆ ನಕ್ಷೆ ಕೊಟ್ಟಿತು. ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಇಂಥ ಪ್ಲಾನುಗಳು ಕಟ್ಟುಗಟ್ಟಲೆ ಇವೆ.

ಕೈಕೆಲಸದವರ ಬಗ್ಗೆಯೂ ಒಂದು ಮಾತು. ಒಡೆದ ಟೈಲ್ಸ್ ಜಾಗಕ್ಕೆ ಅದೇ ಬಣ್ಣದ, ಅದೇ ಹೊಳಪಿನ ಟೈಲ್ಸ್ ಬೇಕಲ್ಲ. ಷ್ರಾಪ್‌ಷೈರಿನ ಜಾಕ್‌ಫೀಲ್ಡ್‌ನಲ್ಲಿ ಕ್ರೇವನ್ ಡನಿಲ್ ಅನ್ನುವ ಕಾರ್ಖಾನೆ ಇದೆ, ಹತ್ತೊಂಬತ್ತನೇ ಶತಮಾನದ್ದು, ಇವತ್ತಿಗೂ ಹಳೇ ವಿಧಾನದಲ್ಲಿ ಟೈಲ್ಸ್ ಮಾಡುತ್ತದೆ. ಗಾಜಿನ ಕೆಲಸ ಇನ್ನೂ ಕಷ್ಟ. ಆಸಿಡ್ ಹಾಕಿ ಮಬ್ಬು ಮಾಡುವುದು, ಮತ್ತೆ ಕಲ್ಲಿನ ಚಕ್ರದ ಮೇಲೆ ಹಿಡಿದು ಮಿನುಗುವ ಗೆರೆ ಕೊರೆಯುವುದು, ಇದನ್ನು ಬಲ್ಲವರು ಕಡಿಮೆ ಆಗುತ್ತಿದ್ದಾರೆ. ಹಳೇ ಪಬ್ಬುಗಳ ರಿಪೇರಿ ನಿಂತರೆ ಈ ಕಸುಬುಗಳಿಗೆ ಬೇರೆ ಗಿರಾಕಿ ಎಲ್ಲಿಂದ ಬರಬೇಕು?

ಸುಮ್ನೆ ಕೋಣೆ ಕೋಣೆ ಅಂತ ಹೇಳುತ್ತಿದ್ದೇನೆ, ನೋಡುವುದಕ್ಕೆ ಬೆರಗಾಗುವಂಥದ್ದೂ ಇದೆ. ಲಿವರ್‌ಪೂಲಿನ ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್ ಅನ್ನುವ ಪಬ್. ರಾಬರ್ಟ್ ಕೇನ್ ಅನ್ನುವ ಬ್ರೂವರಿ ಯಜಮಾನನಿಗಾಗಿ ವಾಲ್ಟರ್ ಥಾಮಸ್ ಅನ್ನುವ ಆರ್ಕಿಟೆಕ್ಟ್ 1898ರಿಂದ 1900ರ ಹೊತ್ತಿಗೆ ಕಟ್ಟಿದ್ದು. ಎದುರುಗಡೆ ಸಂಗೀತ ಸಭಾಂಗಣ. ಮುಂಬಾಗಿಲಿನ ಲೋಹದ ಗೇಟು ನೋಡುವುದಕ್ಕೇ ಹತ್ತು ನಿಮಿಷ ಬೇಕು, ಬಳ್ಳಿ ಎಲೆಗಳು ಸುತ್ತಿಕೊಂಡ ಆರ್ಟ್ ನೂವೊ ಶೈಲಿ. ಒಳಗೆ ತಾಮ್ರದ ಉಬ್ಬು ಚಿತ್ರಗಳು, ಮೊಸಾಯಿಕ್ ಹೊದಿಸಿದ ಕೌಂಟರ್. ಎರಡು ಚಿಕ್ಕ ಕೋಣೆಗಳಿಗೆ ಬ್ರಾಮ್ಸ್ ಮತ್ತು ಲಿಸ್ಟ್ ಅಂತ ಸಂಗೀತಗಾರರ ಹೆಸರು. ಆ ಎರಡು ಹೆಸರು ಒಟ್ಟಿಗೆ ಹೇಳಿದರೆ ಲಂಡನ್ನಿನ ಆಡುಮಾತಿನಲ್ಲಿ ಚೆನ್ನಾಗಿ ಏರಿದೆ ಅಂತ ಅರ್ಥ, ಹೆಸರಿಟ್ಟವರಿಗೆ ಅದು ಗೊತ್ತಿಲ್ಲದೆ ಏನಿಲ್ಲ. ಗಂಡಸರ ಶೌಚಾಲಯದಲ್ಲಿ ಗುಲಾಬಿ ಬಣ್ಣದ ಅಮೃತಶಿಲೆ. ಮೂತ್ರ ಮಾಡುವ ಜಾಗವನ್ನು ನೋಡಲು ಹೆಂಗಸರೂ ಸಾಲುಗಟ್ಟುವ ಕಟ್ಟಡ ಪ್ರಪಂಚದಲ್ಲಿ ಬೇರೆ ಇದೆಯೋ ಇಲ್ಲವೋ.

2020ರ ಫೆಬ್ರವರಿಯಲ್ಲಿ ಈ ಪಬ್ಬನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಯ ಅತಿ ಎತ್ತರದ ದರ್ಜೆಗೆ, ಗ್ರೇಡ್ 1ಕ್ಕೆ, ಏರಿಸಿದರು. ಪಬ್ ಅಂತಲೇ ಕಟ್ಟಿದ ವಿಕ್ಟೋರಿಯನ್ ಕಟ್ಟಡಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು. ಗ್ರೇಡ್ 1 ಅಂದರೆ ಬಕಿಂಗ್‌ಹ್ಯಾಮ್ ಅರಮನೆ ಇರುವ ದರ್ಜೆ. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಯಷ್ಟು ಮಾತ್ರ ಈ ದರ್ಜೆಯವು.

ಲಂಡನ್ನಿನ ಬ್ಲ್ಯಾಕ್ ಫ್ರೈಯರ್ ಪಬ್ ಬಗ್ಗೆ ಕೂಡ ಹೇಳಲೇಬೇಕು. ಮೂಲೆ ಜಾಗದಲ್ಲಿ ತ್ರಿಕೋನದ ತುಂಡಿನಂಥ ಕಟ್ಟಡ. ಹಿಂದೆ ಅಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಇತ್ತು. 1905ರಿಂದ ಮುಂದಕ್ಕೆ ಫುಲ್ಲರ್ ಕ್ಲಾರ್ಕ್ ಅನ್ನುವ ಆರ್ಕಿಟೆಕ್ಟ್, ಹೆನ್ರಿ ಪೂಲ್ ಅನ್ನುವ ಶಿಲ್ಪಿ ಸೇರಿ ಇಡೀ ಪಬ್ಬನ್ನು ಆ ಸನ್ಯಾಸಿಗಳ ತಮಾಷೆಯಿಂದ ತುಂಬಿದರು. ತಾಮ್ರದ ಫಲಕಗಳಲ್ಲಿ ಡೊಳ್ಳು ಹೊಟ್ಟೆಯ ಸನ್ಯಾಸಿಗಳು ಹಾಡುತ್ತಿದ್ದಾರೆ, ಮೀನು ಹಿಡಿಯುತ್ತಿದ್ದಾರೆ. ಆ ಮೀನಿನ ಫಲಕದ ಕೆಳಗೆ 'ನಾಳೆ ಶುಕ್ರವಾರ' ಅಂತ ಬರೆದಿದೆ, ಶುಕ್ರವಾರ ಅವರಿಗೆ ಮಾಂಸ ಇಲ್ಲವಲ್ಲ. ಒಳಗಿನ ಕಮಾನಿನ ಕೋಣೆಯಲ್ಲಿ ಅಮೃತಶಿಲೆ ಮೇಲೆ ನಾಣ್ಣುಡಿಗಳು. ಒಂದು ಹೀಗಿದೆ: ಜಾಹೀರಾತು ಕೊಡಬೇಡ, ಹರಟೆಮಲ್ಲನಿಗೆ ಹೇಳು. 1960ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರು. ಕವಿ ಜಾನ್ ಬೆಟ್ಜಮನ್ ಮುಂದೆ ನಿಂತು ಗಲಾಟೆ ಮಾಡಿದ್ದರಿಂದ ಉಳಿಯಿತು.

ಬೇರೆ ಕಟ್ಟಡವನ್ನು ಪಬ್ ಮಾಡುವ ವಿಭಾಗಕ್ಕೆ ಬರೋಣ. ಅಲ್ಲಿ ವೆದರ್‌ಸ್ಪೂನ್ ಅನ್ನುವ ಕಂಪನಿಯ ಹೆಸರು ಹಲವು ಸಲ ಬಂದಿದೆ. ಕಡಿಮೆ ಬೆಲೆಯ ಸರಪಳಿ ಪಬ್ ಅಂತ ಎಷ್ಟೋ ಜನ ಮೂಗು ಮುರಿಯುತ್ತಾರೆ. ಆದರೆ ಮುಚ್ಚಿಹೋದ ಸಿನಿಮಾ ಮಂದಿರ, ಬ್ಯಾಂಕು, ಅಂಚೆ ಕಚೇರಿಗಳನ್ನು ಹಿಡಿದು ಪಬ್ ಮಾಡಿದ್ದಾರೆ, ಎಲ್ಲವೂ ಅಲ್ಲದಿದ್ದರೂ ಕೆಲವು ನಿಜಕ್ಕೂ ಒಳ್ಳೆಯ ಕೆಲಸ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಹಳೇ ಆಪೆರಾ ಹೌಸನ್ನು ಪಬ್ ಮಾಡಿ, ಬಾಲ್ಕನಿ, ವೇದಿಕೆ ಎಲ್ಲ ಹಾಗೇ ಇಟ್ಟಿದ್ದಾರೆ, ಅಪರೂಪಕ್ಕೆ ಅಲ್ಲಿ ಆಪೆರಾ ಕೂಡ ಆಡಿಸುತ್ತಾರೆ. ಶೆಫೀಲ್ಡ್ ರೈಲ್ವೆ ಸ್ಟೇಷನ್ನಿನದ್ದು ಬೇರೆ ಕತೆ. 1904ರ ರಿಫ್ರೆಶ್‌ಮೆಂಟ್ ರೂಮ್, ಗೋಡೆ ತುಂಬ ಟೈಲ್ಸ್, ದಶಕಗಟ್ಟಲೆ ಬೀಗ ಹಾಕಿ ಬಿದ್ದಿತ್ತು. 2009ರ ಕೊನೆಗೆ ಶೆಫೀಲ್ಡ್ ಟ್ಯಾಪ್ ಅಂತ ಪಬ್ ಆಯಿತು. ರೈಲು ತಡವಾದರೆ ಯಾರೂ ಗೊಣಗುವುದಿಲ್ಲ ಅಲ್ಲಿ.

ಪ್ರಶಸ್ತಿಯಿಂದ ಕಟ್ಟಡ ಉಳಿಯುತ್ತಾ? ಇಲ್ಲ. ಇದನ್ನು ನೇರವಾಗಿ ಹೇಳಿಬಿಡಬೇಕು. ಈ ಶತಮಾನದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್ಬುಗಳಿದ್ದವು, ಈಗ ಸುಮಾರು 45,000. ಕುಡಿಯುವವರು ಕಡಿಮೆ, ಸೂಪರ್‌ಮಾರ್ಕೆಟ್ ಬಿಯರ್ ಅಗ್ಗ, ಎಲ್ಲಕ್ಕಿಂತ ಮುಖ್ಯವಾಗಿ ಪಬ್ ನಡೆಸುವುದಕ್ಕಿಂತ ಆ ಜಾಗದಲ್ಲಿ ಫ್ಲಾಟ್ ಕಟ್ಟಿದರೆ ದುಡ್ಡು ಜಾಸ್ತಿ. ಬೆಂಗಳೂರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಇದಕ್ಕೆ ಸಿಕ್ಕಿಬಿದ್ದ ಪಬ್. ಮೊದಲ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಳೇ ಪಬ್ ಹೋದ ಮೇಲೆ 1920-21ರಲ್ಲಿ ಚಾರಿಂಗ್ಟನ್ ಬ್ರೂವರಿ ಕಟ್ಟಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಸುತ್ತಮುತ್ತ ಎಲ್ಲ ಉರುಳಿದರೂ ಇದು ನಿಂತಿತ್ತು. ಕೊಂಡವರು ಫ್ಲಾಟ್ ಕಟ್ಟಲು ಅನುಮತಿ ಕೇಳಿದರು, ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಕೊಡಲಿಲ್ಲ. ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಕೆಲಸ ಕೊನೆಯ ಹಂತದಲ್ಲಿತ್ತು. 2015ರ ಏಪ್ರಿಲ್, ಈಸ್ಟರ್ ಹಬ್ಬದ ಹೊತ್ತು. ಸಾಮಾನಿನ ಲೆಕ್ಕ ತೆಗೆಯಬೇಕು, ಬಾಗಿಲು ಹಾಕಿ ಅಂತ ಪಬ್ ನಡೆಸುತ್ತಿದ್ದಾಕೆಗೆ ಹೇಳಿದರು. ಆಮೇಲೆ ಬುಲ್ಡೋಜರ್ ಬಂತು.

ಸಾಮಾನ್ಯವಾಗಿ ಇಂಥ ಕಡೆ ದಂಡ ಹಾಕಿ ಸುಮ್ಮನಾಗುತ್ತಾರೆ, ದಂಡ ಕಟ್ಟಿ ಫ್ಲಾಟ್ ಕಟ್ಟುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಇದ್ದ ಹಾಗೇ, ಒಂದೊಂದು ಇಟ್ಟಿಗೆ ಸಮೇತ ವಾಪಸ್ ಕಟ್ಟಿ ಅಂತ ಕೌನ್ಸಿಲ್ ಆದೇಶ ಕೊಟ್ಟಿತು. ಮೇಲ್ಮನವಿಯಲ್ಲೂ ಅದೇ ತೀರ್ಪು ಬಂತು. ಹೇಗೆ ಕಟ್ಟುವುದು, ದಾಖಲೆ ಎಲ್ಲಿದೆ ಅನ್ನುವ ನೆಪಕ್ಕೂ ಜಾಗ ಇರಲಿಲ್ಲ. ಪಟ್ಟಿಗೆ ಸೇರಿಸುವ ಸಲುವಾಗಿ ಹಿಸ್ಟಾರಿಕ್ ಇಂಗ್ಲೆಂಡಿನವರು ಅಷ್ಟರಲ್ಲೇ ಒಳಗೂ ಹೊರಗೂ ಅದರ ವಿವರ ದಾಖಲು ಮಾಡಿಕೊಂಡಿದ್ದರು, ಊರಿನವರು ಬೆನ್ನು ಬಿಡಲಿಲ್ಲ. 2021ರ ಏಪ್ರಿಲಿನಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು. ಮಾರಿಸ್ ಬದುಕಿದ್ದಿದ್ದರೆ ನಕಲು ಅಂತ ಬೈಯುತ್ತಿದ್ದನೇನೋ. ನಾನಂತೂ ಇದಕ್ಕೆ ಎರಡು ಕೈಯಲ್ಲೂ ಬಹುಮಾನ ಕೊಡುತ್ತೇನೆ, ಕಟ್ಟಿದವರಿಗಲ್ಲ, ಕಟ್ಟಿಸಿದವರಿಗೆ.

ಸ್ಟಾಫರ್ಡ್‌ಷೈರಿನ ಕ್ರುಕೆಡ್ ಹೌಸ್ ಅನ್ನುವ ಪಬ್ಬಿಗೆ ಅಂಥ ಅದೃಷ್ಟ ಇನ್ನೂ ಬಂದಿಲ್ಲ. 1765ರಲ್ಲಿ ರೈತರ ಮನೆಯಾಗಿ ಕಟ್ಟಿದ್ದು. ಕೆಳಗೆ ಗಣಿ ತೋಡಿ ನೆಲ ಕುಸಿದು ಒಂದು ಪಕ್ಕಕ್ಕೆ ವಾಲಿಕೊಂಡಿತ್ತು, ಅದೇ ಅದರ ಖ್ಯಾತಿ. 2023ರ ಜುಲೈಯಲ್ಲಿ ಮಾರಾಟವಾಯಿತು, ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು, 7ಕ್ಕೆ ಉಳಿದ ಗೋಡೆಗಳನ್ನೂ ಉರುಳಿಸಿದರು. ಸಂರಕ್ಷಿತ ಪಟ್ಟಿಯಲ್ಲಿ ಅದು ಇರಲಿಲ್ಲ. ಮೂರು ವರ್ಷದೊಳಗೆ ವಾಪಸ್ ಕಟ್ಟಿ ಅಂತ 2024ರ ಫೆಬ್ರವರಿಯಲ್ಲಿ ಕೌನ್ಸಿಲ್ ನೋಟಿಸ್ ಕೊಟ್ಟಿತು, ಮಾಲೀಕರು ಮೇಲ್ಮನವಿ ಹೋದರು.

ಅಂದ ಮೇಲೆ ಕಟ್ಟಡ ಉಳಿಸುವುದು ಕಾಯ್ದೆ ಮತ್ತು ಊರಿನ ಜನ. 2017ರಿಂದ ಇಂಗ್ಲೆಂಡಿನಲ್ಲಿ ಪಬ್ ಕೆಡವಲು, ಅಂಗಡಿಯನ್ನೋ ಇನ್ನೇನನ್ನೋ ಮಾಡಲು ಅನುಮತಿ ಬೇಕೇ ಬೇಕು. ಅದಕ್ಕೂ ಮೊದಲು 2011ರ ಒಂದು ಕಾಯ್ದೆಯಲ್ಲಿ, ಇದು ಊರಿಗೆ ಬೇಕಾದ ಆಸ್ತಿ ಅಂತ ಜನ ನೋಂದಾಯಿಸಬಹುದು, ಮಾರಾಟಕ್ಕೆ ಬಂದರೆ ದುಡ್ಡು ಕೂಡಿಸಲು ಅವರಿಗೆ ಸಮಯ ಸಿಗುತ್ತೆ ಅನ್ನುವ ದಾರಿ ಬಂತು. ದಕ್ಷಿಣ ಲಂಡನ್ನಿನ ಐವಿ ಹೌಸ್ ಹಾಗೆ ನೋಂದಾದ ಮೊದಲ ಪಬ್. 371 ಜನ ಸೇರಿ ಷೇರು ಹಾಕಿ ಕೊಂಡರು, 2013ರಲ್ಲಿ ತೆರೆದರು. 1930ರ ದಶಕದ ಆ ಮರದ ಹೊದಿಕೆ, ಹಿಂದಿನ ದೊಡ್ಡ ಕೋಣೆಯ ವೇದಿಕೆ ಎಲ್ಲ ಹಾಗೇ ಇದೆ.

ಪ್ರಶಸ್ತಿಯ ಕೆಲಸ ಇದಕ್ಕಿಂತ ಮೊದಲಿನದು. ಯಾವುದು ಚೆನ್ನ ಅಂತ ನೋಡುವ ಕಣ್ಣನ್ನು ತಯಾರು ಮಾಡುವುದು. ಪ್ರಶಸ್ತಿ ಕೊಡುವ ಇದೇ ಕ್ಯಾಮ್ರಾದವರು 1991ರಲ್ಲಿ ಒಳಾಂಗಣ ಕೆಡದೆ ಉಳಿದ ಪಬ್ಬುಗಳ ಪಟ್ಟಿ ಮಾಡಲು ಹೊರಟರು. ಸ್ವಯಂಸೇವಕರು ದೇಶ ಸುತ್ತಿದರು. ಹತ್ತಾರು ಸಾವಿರ ಪಬ್ಬುಗಳ ಪೈಕಿ ನಿಜಕ್ಕೂ ಹಾಗೆ ಉಳಿದದ್ದು ಕೆಲವೇ ನೂರು ಅಂತ ಗೊತ್ತಾದಾಗ ಅಧಿಕಾರಿಗಳೂ ಎಚ್ಚೆತ್ತರು. 2015ರಲ್ಲಿ ಎರಡು ಮಹಾಯುದ್ಧಗಳ ನಡುವಿನ ಕಾಲದ 21 ಪಬ್ಬುಗಳನ್ನು ಒಟ್ಟಿಗೆ ಪಟ್ಟಿಗೆ ಸೇರಿಸಿದರು. 2018ರಲ್ಲಿ ಯುದ್ಧದ ನಂತರದ ಐದು ಪಬ್ಬುಗಳು ಸೇರಿದವು, ಅದರಲ್ಲಿ ಸ್ವಿಂಡನ್ನಿನ ಕ್ರಂಪಲ್ಡ್ ಹಾರ್ನ್ 1975ರದ್ದು. ಅಷ್ಟು ಹೊಸ ಕಟ್ಟಡವನ್ನೂ ಉಳಿಸಬೇಕು ಅನ್ನುವ ಯೋಚನೆ ಒಂದು ದಿನದಲ್ಲಿ ಬರೋದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಮಾತು ಹೇಳದಿದ್ದರೆ ಸರಿಯಾಗೋದಿಲ್ಲ. ಆ ಗೋಡೆಗಳು ಜನರನ್ನು ಬೇರೆ ಮಾಡಲು ಕಟ್ಟಿದ್ದು. ಮೊದಲು ಬಡವ ಬಲ್ಲಿದ, ಗಂಡು ಹೆಣ್ಣು. ಆಮೇಲೆ ಬಣ್ಣ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನಲ್ಲಿ ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದಿದ್ದ ನಮ್ಮ ಪಂಜಾಬಿನವರಿಗೆ ಕೆಲವು ಪಬ್ಬುಗಳಲ್ಲಿ ಪಬ್ಲಿಕ್ ಬಾರ್ ಮಾತ್ರ, ಸ್ಮೋಕ್ ರೂಮಿಗೆ ಪ್ರವೇಶ ಇಲ್ಲ. ಅವತಾರ್ ಸಿಂಗ್ ಜೌಹಲ್ ಅವರ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಹೋರಾಡುತ್ತಿತ್ತು. 1965ರ ಫೆಬ್ರವರಿಯಲ್ಲಿ ಅವರ ಕರೆಗೆ ಓಗೊಟ್ಟು ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆಥಿಕ್‌ಗೆ ಬಂದ. ಬ್ಲೂ ಗೇಟ್ಸ್ ಪಬ್ಬಿನ ಆ ಕೋಣೆಗೆ ಹೋದರೆ ಇಲ್ಲಿ ಕೊಡೋದಿಲ್ಲ ಅಂದರು. ಅದೇ ವರ್ಷ ಸಾರ್ವಜನಿಕ ಜಾಗಗಳಲ್ಲಿ ಬಣ್ಣದ ಭೇದ ಮಾಡುವುದನ್ನು ನಿಷೇಧಿಸುವ ಕಾಯ್ದೆ ಬಂತು.

ಆ ಕಡೆಯ ಎಷ್ಟೋ ಪಬ್ಬುಗಳನ್ನು ಈಗ ಪಂಜಾಬಿಗಳೇ ನಡೆಸುತ್ತಾರೆ, ದೇಸಿ ಪಬ್ ಅಂತಲೇ ಹೆಸರು, ಕಬಾಬ್, ಮೀನಿನ ಪಕೋಡ, ಬಿಯರ್. ವೆಸ್ಟ್ ಬ್ರಾಮ್‌ವಿಚ್‌ನ ರೆಡ್ ಲಯನ್‌ನಲ್ಲಿ ಸ್ಟೀವನ್ ಕಾರ್ಟ್‌ರೈಟ್ ಅನ್ನುವ ಕಲಾವಿದ ಮಾಡಿದ ಬಣ್ಣದ ಗಾಜಿನ ಕಿಟಕಿ ಇದೆ. ಚರ್ಚಿನ ಕಿಟಕಿಯಲ್ಲಿ ಸಂತರು ಇರುವ ಜಾಗದಲ್ಲಿ ಇಲ್ಲಿ ಕಾರ್ಖಾನೆಯಲ್ಲಿ ದುಡಿದ ಭಾರತೀಯರು. ಮುಚ್ಚಿಹೋಗುತ್ತಿದ್ದ ಕಟ್ಟಡಗಳಲ್ಲಿ ದೀಪ ಹಚ್ಚಿಟ್ಟಿದ್ದು ಇವರು. ಸಂರಕ್ಷಣೆಯ ಬಹುಮಾನ ಕೊಡುವವರು ಇಂಥ ಕಡೆ ಜಾಸ್ತಿ ತಿರುಗಬೇಕು ಅಂತ ನನ್ನ ಅನಿಸಿಕೆ. ಟೈಲ್ಸಿನ ಹೊಳಪಿಗೆ ಸಿಗುವ ಗಮನ ಇವರಿಗೂ ಸಿಗಲಿ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು, 'ಸರ್, ಹೊಗೆ ಹಿಡಿದು ಕಂದಾದ ಚಾವಣಿಯನ್ನು ತೊಳೆಯಬೇಕಾ, ಹಾಗೇ ಬಿಡಬೇಕಾ?' ಒಳ್ಳೇ ಪ್ರಶ್ನೆ. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಪಬ್ಬಿನೊಳಗೆ ಸಿಗರೇಟು ಇಲ್ಲ. ಹಾಗಾಗಿ ಈಗಿರುವ ಕಂದು ಬಣ್ಣ ಇನ್ನು ಹೊಸದಾಗಿ ಬರೋದಿಲ್ಲ. ಕೆಲವರು ಅದೂ ಚರಿತ್ರೆ ಅಂತ ಬಿಡುತ್ತಾರೆ. ಕೆಲವರು ತೊಳೆದು, ಆಮೇಲೆ ಬೆಳ್ಳಗೆ ಕಾಣುತ್ತೆ ಅಂತ ಬೇಜಾರಾಗಿ ಅದೇ ಕಂದು ಬಣ್ಣ ಬಳಿಸುತ್ತಾರೆ! ಗಾರೆಯ ಉಬ್ಬು ಕೆಲಸ ಕಾಣದಷ್ಟು ಮಸಿ ಇದ್ದರೆ ನಾನು ತೊಳೆಯಿರಿ ಅನ್ನುತ್ತೇನೆ, ಇಲ್ಲದಿದ್ದರೆ ಬೇಡ.

ಇನ್ನೊಬ್ಬ ತಾಯಿ ಕೇಳಿದ್ದು, 'ನಾವು ಕುಡಿಯೋದಿಲ್ಲಪ್ಪ, ಮಗ ಅಲ್ಲೇ ಇದ್ದಾನೆ, ಹೋದಾಗ ಇವನ್ನೆಲ್ಲ ನೋಡೋದು ಹೇಗೆ?' ಏನೂ ಸಂಕೋಚ ಬೇಡಮ್ಮ. ಕಾಫಿ, ಟೀ, ಜ್ಯೂಸ್ ಬಹಳಷ್ಟು ಪಬ್ಬುಗಳಲ್ಲಿ ಸಿಗುತ್ತೆ, ಯಾರೂ ನಿಮ್ಮ ಗ್ಲಾಸು ನೋಡೋದಿಲ್ಲ. ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋಗಿ, ಜನ ಇರೋದಿಲ್ಲ, ಬೆಳಕು ಗಾಜಿನಿಂದ ಚೆನ್ನಾಗಿ ಬರುತ್ತೆ. ಕೌಂಟರಿನಲ್ಲಿ ಹೇಳಿ ಅಲ್ಲೇ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು, ಟೇಬಲ್ ಹತ್ತಿರ ಬರುತ್ತಾರೆ ಅಂತ ಕಾಯುತ್ತಾ ಕೂರಬೇಡಿ. ಹಳೇ ಕೋಣೆಗಳಲ್ಲಿ ಕೂತರೆ ಬೆನ್ನ ಹಿಂದಿನ ಮರದ ಹೊದಿಕೆಯಲ್ಲಿ ಪುಟ್ಟ ಬೆಲ್ ಗುಂಡಿ ಇದೆಯಾ ನೋಡಿ. ಒತ್ತಿದರೆ ಕೆಲಸದವನು ಬರುತ್ತಿದ್ದ ಕಾಲದ್ದು. ಈಗ ಹೆಚ್ಚಿನ ಕಡೆ ಅದು ಕೆಲಸ ಮಾಡೋದಿಲ್ಲ, ಆದರೂ ಒತ್ತದೆ ಬಂದವರನ್ನು ನಾನು ನೋಡಿಲ್ಲ.